ಬೆಳಚಿನ ಡಿಎನ್‌ಎ ಸೀಕ್ವೆನ್ಸ್ ಜೋಡಿಸುವಾಗ ಗ್ಯಾಪ್ ಬೀಳುತ್ತಿವೆ, ಮಾಡಿ ಗೊತ್ತಿದ್ದವರು ತಿಳಿಸಿ

ಪ್ರಶ್ನೆ (ಕಾರವಾರ)

ಎಲ್ಲರಿಗೂ ನಮಸ್ಕಾರ. ಅಘನಾಶಿನಿ ಮತ್ತು ಕಾಳಿ ಅಳಿವೆಯ ಬೆಳಚು (ಎರಡು ಚಿಪ್ಪಿನ ಮೃದ್ವಂಗಿ) ಒಂದೇ ಜಾತಿಯವೋ ಬೇರೆಯೋ ಎಂದು ನೋಡುವುದು ನನ್ನ ಎಂ.ಎಸ್ಸಿ. ಪ್ರಾಜೆಕ್ಟ್. 30 ಮಾದರಿ ಇವೆ. ಮೈಟೊಕಾಂಡ್ರಿಯಾದ ಸಿಒಐ ಜೀನ್ (ಜಾತಿ ಗುರುತಿಸಲು ಬಳಸುವ ತುಂಡು), ಫೋಲ್ಮರ್ ಪ್ರೈಮರ್ (ಆ ತುಂಡಿನ ಎರಡು ತುದಿ ಹಿಡಿಯುವ ಸಣ್ಣ ಡಿಎನ್‌ಎ), ಎರಡೂ ಕಡೆಯಿಂದ ಸ್ಯಾಂಗರ್ ಸೀಕ್ವೆನ್ಸಿಂಗ್. ಬಂದ ಫೈಲುಗಳನ್ನೆಲ್ಲ ಒಟ್ಟಿಗೆ ಅಲೈನ್ ಮಾಡಿದರೆ (ಸಮಾನ ಜಾಗಗಳು ಎದುರುಬದುರಾಗುವಂತೆ ಜೋಡಿಸಿದರೆ) ನಡುನಡುವೆ ಒಂದೊಂದು, ಎರಡೆರಡು ಗ್ಯಾಪ್ ಬೀಳುತ್ತಿವೆ. ಬ್ಲಾಸ್ಟ್‌ಗೆ (ಡೇಟಾಬೇಸ್‌ನಲ್ಲಿ ಹೋಲುವ ಸೀಕ್ವೆನ್ಸ್ ಹುಡುಕುವ ಪ್ರೋಗ್ರಾಮ್) ಹಾಕಿದರೆ ಒಂದು ಮಾದರಿಗೆ ಸಂಬಂಧವೇ ಇಲ್ಲದ ಜೀವಿಯ ಜೊತೆ 100% ಹೋಲಿಕೆ ತೋರಿಸುತ್ತಿದೆ. ಗ್ಯಾಪ್ ಪೆನಾಲ್ಟಿ (ಗ್ಯಾಪ್‌ಗೆ ಕಳೆಯುವ ಅಂಕ) ಎಷ್ಟು ಇಡಬೇಕು? ಲ್ಯಾಪ್‌ಟಾಪ್ 4 ಜಿಬಿಯದ್ದು, ಸಾಕಾಗುತ್ತದೆಯೇ?

ಉತ್ತರ (ಕಾರವಾರ)

ಪೆನಾಲ್ಟಿಗೆ ಈಗಲೇ ಕೈ ಹಾಕಬೇಡಿ. ಸಿಒಐ ಪ್ರೋಟೀನ್ ಕೋಡ್ ಮಾಡುವ ಜೀನ್. ಅದರ ನಡುವೆ ಒಂದು ಅಥವಾ ಎರಡು ಬೇಸ್‌ನ (ಡಿಎನ್‌ಎ ಅಕ್ಷರದ) ಗ್ಯಾಪ್ ಬಿದ್ದರೆ ಅಲ್ಲಿಂದ ಮುಂದಿನ ಕೋಡಾನ್ (ಮೂರು ಬೇಸ್‌ನ ಗುಂಪು) ಎಲ್ಲ ತಪ್ಪುತ್ತವೆ, ಜೀನ್ ಕೆಲಸವೇ ಮಾಡುವುದಿಲ್ಲ. ಹಾಗಾಗಿ ಇಂಥ ಗ್ಯಾಪ್ ಬಹುಪಾಲು ಓದಿದ್ದರಲ್ಲಿ ಆದ ತಪ್ಪು. ನಿಜವಾದ ಗ್ಯಾಪ್ ಮೂರರ ಗುಣಕದಲ್ಲಿರುತ್ತದೆ.

ಎಬಿ1 ಫೈಲನ್ನೇ (ಸೀಕ್ವೆನ್ಸಿಂಗ್ ಯಂತ್ರದ ಮೂಲ ಫೈಲು) ತೆರೆದು ಕ್ರೊಮ್ಯಾಟೊಗ್ರಾಮ್ (ಬೇಸ್‌ಗಳ ಶಿಖರಗಳ ನಕ್ಷೆ) ನೋಡಿ. ಬರೀ ಅಕ್ಷರದ ಫೈಲಿನಿಂದ ಈ ಕೆಲಸ ಆಗುವುದಿಲ್ಲ. ಮೊದಲ 20–40 ಬೇಸ್‌ಗಳ ಶಿಖರಗಳು ಒಂದರ ಮೇಲೊಂದು ಬಿದ್ದಿರುತ್ತವೆ, ಕೊನೆಯಲ್ಲಿ ಚಪ್ಪಟೆಯಾಗಿ ಹರಡಿರುತ್ತವೆ. ಎರಡೂ ತುದಿಯಲ್ಲಿ ಕ್ಯು20ಕ್ಕಿಂತ ಕೆಳಗಿನ ಭಾಗ ಕತ್ತರಿಸಿ. ಕ್ಯು20 ಎಂದರೆ ನೂರಕ್ಕೆ ಒಂದು ತಪ್ಪು, ಕ್ಯು30 ಎಂದರೆ ಸಾವಿರಕ್ಕೆ ಒಂದು. ಆಮೇಲೆ ರಿವರ್ಸ್ ಫೈಲನ್ನು ರಿವರ್ಸ್ ಕಾಂಪ್ಲಿಮೆಂಟ್ (ಹಿಂದುಮುಂದಾಗಿಸಿ ಎ–ಟಿ, ಜಿ–ಸಿ ಅದಲುಬದಲು) ಮಾಡಿ ಫಾರ್ವರ್ಡ್ ಜೊತೆ ಸೇರಿಸಿ, ಪ್ರತಿ ಮಾದರಿಗೆ ಒಂದೇ ಒಪ್ಪಿತ ಸೀಕ್ವೆನ್ಸ್ ತೆಗೆಯಿರಿ. ಎರಡು ಓದು ಒಂದಕ್ಕೊಂದು ಒಪ್ಪದಿದ್ದಲ್ಲಿ ಶಿಖರ ನೋಡಿ ತೀರ್ಮಾನಿಸಿ, ಅದರಿಂದಲೂ ಗೊತ್ತಾಗದಿದ್ದರೆ ಎನ್ ಎಂದು ಬರೆಯಿರಿ. ಊಹಿಸಿ ತುಂಬಬೇಡಿ.

ಪ್ರೈಮರ್ ತೆಗೆಯುವುದನ್ನು ಬಹಳ ಜನ ಮರೆಯುತ್ತಾರೆ. ಫೋಲ್ಮರ್ ಪ್ರೈಮರ್‌ಗಳಲ್ಲಿ ಎಲ್‌ಸಿಒ1490 25 ಬೇಸ್, ಎಚ್‌ಸಿಒ2198 26 ಬೇಸ್. ಅವು ನೀವು ಹಾಕಿದ ಡಿಎನ್‌ಎ, ಬೆಳಚಿನದ್ದಲ್ಲ. ಎರಡೂ ಹೋದ ಮೇಲೆ ಸಾಮಾನ್ಯವಾಗಿ 658 ಬೇಸ್ ಉಳಿಯುತ್ತದೆ. ತುದಿಯಲ್ಲಿ ತಪ್ಪಾಗಿ ಓದಿದ 13 ಬೇಸ್ ಉಳಿದುಬಿಟ್ಟರೆ 658ಕ್ಕೆ ಅದೇ ಸುಮಾರು 2% ವ್ಯತ್ಯಾಸ. ಒಂದೇ ಜಾಗದಲ್ಲಿ ಹೆಕ್ಕಿದ ಎರಡು ಬೆಳಚು ಬೇರೆ ಜಾತಿಯಂತೆ ಕಾಣಲು ಅಷ್ಟು ಸಾಕು.

ಉತ್ತರ (ಶಿರಸಿ)

ಮೇಲಿನವರು ಹೇಳಿದ್ದು ಸರಿ. ಆದರೂ ಪೆನಾಲ್ಟಿ ಏನು ಮಾಡುತ್ತದೆ ಎಂದು ಒಮ್ಮೆ ಕಾಗದದ ಮೇಲೆ ಕೂಡಿಸಿ ನೋಡಿದರೆ ಮುಂದೆ ಯಾವ ಪ್ರೋಗ್ರಾಮ್ ಸಿಕ್ಕರೂ ಗೊಂದಲ ಆಗುವುದಿಲ್ಲ. ಜಿ-ಸಿ-ಎ-ಟಿ (ಸಾಲುಗಳಲ್ಲಿ) ಮತ್ತು ಜಿ-ಎ-ಟಿ (ಕಾಲಮ್‌ಗಳಲ್ಲಿ, ಮೊದಲ ಕಾಲಮ್ ಖಾಲಿ) ತೆಗೆದುಕೊಳ್ಳಿ. ಹೊಂದಿದರೆ +1, ಹೊಂದದಿದ್ದರೆ −1, ಗ್ಯಾಪ್‌ಗೆ −2.

ಖಾಲಿ ಸಾಲು: 0, −2, −4, −6
ಜಿ ಸಾಲು: −2, 1, −1, −3
ಸಿ ಸಾಲು: −4, −1, 0, −2
ಎ ಸಾಲು: −6, −3, 0, −1
ಟಿ ಸಾಲು: −8, −5, −2, 1

ಪ್ರತಿ ಮನೆಗೆ ಮೂರು ದಾರಿಯಿಂದ ಬರಬಹುದು: ಕರ್ಣದಿಂದ, ಮೇಲಿನಿಂದ, ಎಡದಿಂದ. ಮೂರರಲ್ಲಿ ಹೆಚ್ಚಿನದನ್ನು ಬರೆಯುವುದು, ಯಾವ ದಾರಿಯಿಂದ ಬಂತು ಎಂದು ಬಾಣ ಹಾಕುವುದು. ಕೊನೆಯ ಮನೆಯ 1ರಿಂದ ಬಾಣ ಹಿಡಿದು ಹಿಂದೆ ಹೋದರೆ ಟಿ–ಟಿ, ಎ–ಎ, ಸಿ ಎದುರು ಗ್ಯಾಪ್, ಜಿ–ಜಿ. 1970ರ ನೀಡಲ್‌ಮನ್–ವುನ್ಶ್ ವಿಧಾನ ಎಂದರೆ ಇಷ್ಟೇ. 1981ರ ಸ್ಮಿತ್–ವಾಟರ್‌ಮನ್‌ನಲ್ಲಿ ಋಣ ಸಂಖ್ಯೆ ಬಂದಲ್ಲೆಲ್ಲ 0 ಬರೆದು, ಇಡೀ ಕೋಷ್ಟಕದ ಅತಿ ದೊಡ್ಡ ಅಂಕದಿಂದ ಸೊನ್ನೆ ಸಿಗುವ ತನಕ ಹಿಂದೆ ಬರುತ್ತಾರೆ. ಅದರಿಂದ ಚೆನ್ನಾಗಿ ಹೊಂದುವ ತುಂಡು ಮಾತ್ರ ಸಿಗುತ್ತದೆ.

ಈಗ ನಿಮ್ಮ ಗ್ಯಾಪ್ ವಿಷಯ. ಮಿಸ್‌ಮ್ಯಾಚ್‌ಗೆ −3, ಗ್ಯಾಪ್‌ಗೆ −1 ಇಟ್ಟಿದ್ದೀರಿ ಎಂದುಕೊಳ್ಳಿ. ಒಂದು ಬೇಸ್ ಬದಲಾದ ಜಾಗದಲ್ಲಿ ಮಿಸ್‌ಮ್ಯಾಚ್ ಒಪ್ಪಿಕೊಂಡರೆ −3, ಮೇಲೊಂದು ಕೆಳಗೊಂದು ಗ್ಯಾಪ್ ಹಾಕಿದರೆ −2 ಮಾತ್ರ. ಪ್ರೋಗ್ರಾಮ್ ಎರಡು ಗ್ಯಾಪ್ ಹಾಕಿಯೇ ಹಾಕುತ್ತದೆ. ಅದು ತಪ್ಪು ಮಾಡಿಲ್ಲ ಮಾರಾಯ್ರೆ, ನೀವು ಕೊಟ್ಟ ಅಂಕಕ್ಕೆ ಅತ್ಯುತ್ತಮ ಉತ್ತರ ಕೊಟ್ಟಿದೆ. ಎರಡು ಗ್ಯಾಪ್‌ನ ಬೆಲೆ ಒಂದು ಮಿಸ್‌ಮ್ಯಾಚ್‌ಗಿಂತ ಹೆಚ್ಚಿರಲೇಬೇಕು.

ಗ್ಯಾಪ್ ತೆರೆಯುವುದಕ್ಕೆ ಒಂದು ಬೆಲೆ, ಉದ್ದ ಮಾಡುವುದಕ್ಕೆ ಇನ್ನೊಂದು ಬೆಲೆ ಇಡುವುದು ಇನ್ನೂ ಒಳ್ಳೆಯದು. ಗೊಟೊ 1982ರಲ್ಲಿ ಇದನ್ನು ವೇಗವಾಗಿ ಲೆಕ್ಕ ಹಾಕುವ ದಾರಿ ತೋರಿಸಿದರು. ಎಂಬಾಸ್‌ನ ನೀಡಲ್ ಪ್ರೋಗ್ರಾಮ್‌ನಲ್ಲಿ ಡಿಫಾಲ್ಟ್ ತೆರೆಯಲು 10, ಮುಂದುವರಿಸಲು 0.5. ಮೂರು ಬೇಸ್‌ನ ಒಂದೇ ಗ್ಯಾಪ್‌ಗೆ 11 ಬೀಳುತ್ತದೆ, ಬಿಡಿಬಿಡಿ ಮೂರು ಗ್ಯಾಪ್‌ಗೆ 30. ನಿಮ್ಮ ಜೀನ್‌ಗೆ ಈ ಡಿಫಾಲ್ಟ್ ಸಾಕು.

4 ಜಿಬಿ ಧಾರಾಳ. 658 × 658 ಎಂದರೆ 4,32,964 ಮನೆ, ಒಂದಕ್ಕೆ 4 ಬೈಟ್ ಹಿಡಿದರೂ 2 ಎಂಬಿ ದಾಟುವುದಿಲ್ಲ. ಮುಂದೆ 16,500 ಬೇಸ್‌ನ ಇಡೀ ಮೈಟೊಕಾಂಡ್ರಿಯಾ ಜೀನೋಮ್ ಹೋಲಿಸಲು ಹೊರಟರೆ 27 ಕೋಟಿ ಮನೆ, 1 ಜಿಬಿಗೂ ಮಿಕ್ಕಿ ಮೆಮೊರಿ ಬೇಕು. ಆಗ 1975ರ ಹಿರ್ಶ್‌ಬರ್ಗ್ ವಿಧಾನ ಇರುವ ಪ್ರೋಗ್ರಾಮ್ ಹಿಡಿಯಿರಿ. ಸಮಯ ಸುಮಾರು ಎರಡು ಪಟ್ಟು ಹಿಡಿಯುತ್ತದೆ, ಮೆಮೊರಿ ಮಾತ್ರ ಸೀಕ್ವೆನ್ಸಿನ ಉದ್ದದಷ್ಟಕ್ಕೇ ಸಾಕು.

ಪ್ರಶ್ನೆ ಕೇಳಿದವರು

ತುದಿ ಕತ್ತರಿಸಿದ ಮೇಲೆ ಗ್ಯಾಪ್ ಬಹುತೇಕ ಹೋದವು. ಆದರೆ ಪ್ರೋಟೀನ್‌ಗೆ ತಿರುಗಿಸಿದರೆ ಎಲ್ಲ ಮಾದರಿಯಲ್ಲೂ ಸ್ಟಾಪ್ ಕೋಡಾನ್ (ಪ್ರೋಟೀನನ್ನು ಅಲ್ಲಿಗೇ ನಿಲ್ಲಿಸುವ ಸಂಕೇತ) ಬರುತ್ತಿದೆ.

ಉತ್ತರ (ಕುಮಟಾ)

ಎಲ್ಲದರಲ್ಲೂ ಬಂದರೆ ಜೆನೆಟಿಕ್ ಕೋಡ್ ಟೇಬಲ್ 1 (ಸಾಮಾನ್ಯ ಕೋಡ್) ಇಟ್ಟಿರುತ್ತೀರಿ. ಬೆಳಚಿಗೆ ಟೇಬಲ್ 5, ಅಂದರೆ ಅಕಶೇರುಕಗಳ ಮೈಟೊಕಾಂಡ್ರಿಯಾ ಕೋಡ್. ಅದರಲ್ಲಿ ಟಿಜಿಎ ಸ್ಟಾಪ್ ಅಲ್ಲ, ಟ್ರಿಪ್ಟೊಫಾನ್. ಟಿಎಎ ಮತ್ತು ಟಿಎಜಿ ಎರಡೇ ಸ್ಟಾಪ್. ಯಾರಾದರೂ ಬಂಗಡೆ, ತಾರ್ಲೆ ಇಂಥವುಗಳ ಮೇಲೆ ಇದೇ ಕೆಲಸ ಮಾಡುವವರಿದ್ದರೆ ಅವರಿಗೆ ಟೇಬಲ್ 2 (ಕಶೇರುಕಗಳದ್ದು). ಜೊತೆಗೆ ಮೂರೂ ಫ್ರೇಮ್ (ಕೋಡಾನ್ ಎಣಿಕೆ ಶುರುಮಾಡುವ ಜಾಗ) ಪ್ರಯತ್ನಿಸಿ, ಪ್ರೈಮರ್ ಕತ್ತರಿಸಿದ ಮೇಲೆ ಮೊದಲ ಬೇಸೇ ಕೋಡಾನಿನ ಮೊದಲ ಬೇಸ್ ಆಗಿರಬೇಕೆಂದಿಲ್ಲ.

ಟೇಬಲ್ 5 ಇಟ್ಟ ಮೇಲೂ ಒಂದೆರಡು ಮಾದರಿಯಲ್ಲಿ ಸ್ಟಾಪ್ ಉಳಿದರೆ ಅವನ್ನು ಪಕ್ಕಕ್ಕಿಡಿ. ಮೈಟೊಕಾಂಡ್ರಿಯಾದ ತುಂಡು ಹಿಂದೆಂದೋ ನ್ಯೂಕ್ಲಿಯಸ್‌ಗೆ ಸೇರಿ ಹಾಳಾದ ಪ್ರತಿ ಇರುತ್ತದೆ, ಪಿಸಿಆರ್ ಕೆಲವೊಮ್ಮೆ ಅದನ್ನೇ ಹೆಚ್ಚಿಸುತ್ತದೆ. ಕ್ರೊಮ್ಯಾಟೊಗ್ರಾಮ್‌ನಲ್ಲಿ ಒಂದೇ ಜಾಗದಲ್ಲಿ ಎರಡು ಶಿಖರ ಮತ್ತೆಮತ್ತೆ ಕಂಡರೂ ಇದೇ ಅನುಮಾನ.

ಬೆಳಚಿನ ಕೆಲಸದಲ್ಲಿ ಇನ್ನೊಂದು ತೊಡಕಿದೆ. ಚಿಪ್ಪುಜೀವಿಗಳ ಕೆಲವು ಗುಂಪುಗಳಲ್ಲಿ ತಾಯಿಯಿಂದ ಒಂದು, ತಂದೆಯಿಂದ ಇನ್ನೊಂದು ಮೈಟೊಕಾಂಡ್ರಿಯಾ ಬರುತ್ತದೆ. ಗಂಡಿನ ಜನನಾಂಗದ ಅಂಗಾಂಶದಲ್ಲಿ ತಂದೆಯ ಕಡೆಯದೇ ಹೆಚ್ಚು, ಮತ್ತು ಎರಡರ ನಡುವಿನ ಅಂತರ ಎರಡು ಜಾತಿಗಳ ನಡುವಿನ ಅಂತರದಷ್ಟು ದೊಡ್ಡದಿರಬಹುದು. ಹಾಗಾಗಿ ಒಡಲಿನ ಮಾಂಸ ಬೇಡ. ಚಿಪ್ಪು ಮುಚ್ಚುವ ಸ್ನಾಯುವಿನಿಂದಲೋ ಪಾದದಿಂದಲೋ ಸಣ್ಣ ತುಂಡು ತೆಗೆದು 95% ಎಥನಾಲ್‌ನಲ್ಲಿ ಹಾಕಿ. ಮೂವತ್ತಕ್ಕೂ ಒಂದೇ ಅಂಗಾಂಶ ಇರಲಿ.

ಉತ್ತರ (ಅಂಕೋಲಾ)

100% ಹೋಲಿಕೆಯ ಬಗ್ಗೆ. ಬ್ಲಾಸ್ಟ್ 1990ರಿಂದಲೂ ಲೋಕಲ್ ಹೋಲಿಕೆಯದ್ದು. ಸಣ್ಣ ಪದವೊಂದು ಹೊಂದಿದ ಜಾಗ ಹಿಡಿದು ಎರಡೂ ಕಡೆ ಬೆಳೆಸುತ್ತದೆ. ಅದರ ಮೆಗಾಬ್ಲಾಸ್ಟ್ ಆಯ್ಕೆಯಲ್ಲಿ ಆ ಪದ 28 ಬೇಸ್, ಬ್ಲಾಸ್ಟ್‌ಎನ್‌ನಲ್ಲಿ 11. ಶೇಕಡಾ ಹೋಲಿಕೆ ಆ ಹೊಂದಿದ ತುಂಡಿಗೆ ಮಾತ್ರ ಸೇರಿದ್ದು, ಪಕ್ಕದ ಕ್ವೆರಿ ಕವರ್ ಕಾಲಮ್ (ನಿಮ್ಮ ಸೀಕ್ವೆನ್ಸಿನ ಎಷ್ಟು ಭಾಗ ಹೊಂದಿತು ಎಂಬುದು) ನೋಡದೆ ಅದಕ್ಕೆ ಅರ್ಥವಿಲ್ಲ. ಕವರ್ 10–15% ಇದ್ದರೆ ಹೊಂದಿದ್ದು ಪ್ರೈಮರಿನದೋ ಇನ್ಯಾವುದೋ ತುಂಡಿನದೋ ಇರಬಹುದು. ಕವರ್ 95% ದಾಟಿದವನ್ನಷ್ಟೇ ಗಣನೆಗೆ ತನ್ನಿ. ಇ-ವ್ಯಾಲ್ಯೂ (ಇಂಥ ಹೋಲಿಕೆ ಆಕಸ್ಮಿಕವಾಗಿ ಎಷ್ಟು ಸಲ ಸಿಗಬಹುದೆಂಬ ಅಂದಾಜು) ಡೇಟಾಬೇಸ್‌ನ ಗಾತ್ರದ ಮೇಲೆ ಬದಲಾಗುತ್ತದೆ, ಜಾತಿ ನಿರ್ಧಾರಕ್ಕೆ ಅದನ್ನು ಬಳಸಬೇಡಿ. ಮೆಗಾಬ್ಲಾಸ್ಟ್‌ನಲ್ಲಿ ಏನೂ ಸಿಗದಿದ್ದರೆ ಬ್ಲಾಸ್ಟ್‌ಎನ್‌ಗೆ ಬದಲಿಸಿ, ದೂರದ ಸಂಬಂಧಿ ಆಗ ಸಿಗುತ್ತದೆ. ಮೊದಲ ಸಾಲಿನ ಹೆಸರನ್ನೇ ನಂಬುವುದೂ ಬೇಡ, ತಪ್ಪು ಹೆಸರಿನಲ್ಲಿ ಸೇರಿದ ಸೀಕ್ವೆನ್ಸ್ ಜೀನ್‌ಬ್ಯಾಂಕ್‌ನಲ್ಲಿವೆ. ಬೋಲ್ಡ್ ಎಂಬ ಡಿಎನ್‌ಎ ಬಾರ್‌ಕೋಡ್ ಡೇಟಾಬೇಸ್‌ನಲ್ಲೂ ಒಮ್ಮೆ ನೋಡಿ.

ಮೂವತ್ತನ್ನೂ ಒಟ್ಟಿಗೆ ಜೋಡಿಸಲು ಮ್ಯಾಫ್ಟ್ ಪ್ರೋಗ್ರಾಮ್ ಸಾಕು. ದಿಕ್ಕು ತಿರುಗಿದ ಫೈಲು ಒಂದು ಉಳಿದಿದ್ದರೂ ಇಡೀ ಜೋಡಣೆ ಗ್ಯಾಪ್‌ಮಯವಾಗುತ್ತದೆ, ಆದ್ದರಿಂದ ಅಡ್ಜಸ್ಟ್ ಡೈರೆಕ್ಷನ್ ಆಯ್ಕೆ ಹಾಕಿಯೇ ಓಡಿಸಿ. ಇಲ್ಲವೇ ಮೆಗಾ ಎಂಬ ಪ್ರೋಗ್ರಾಮ್‌ನಲ್ಲಿ ಟೇಬಲ್ 5 ಆರಿಸಿ ಕೋಡಾನ್ ಮೂಲಕ ಅಲೈನ್ ಮಾಡಿ, ಗ್ಯಾಪ್ ಬಿದ್ದರೂ ಮೂರುಮೂರಾಗಿ ಬೀಳುತ್ತದೆ. ಹಂತಹಂತವಾಗಿ ಜೋಡಿಸುವ ವಿಧಾನಗಳಲ್ಲಿ ಮೊದಲ ಹಂತದಲ್ಲಿ ಬಿದ್ದ ತಪ್ಪು ಗ್ಯಾಪ್ ಕೊನೆಯವರೆಗೂ ಉಳಿಯುತ್ತದೆ. ಕೆಟ್ಟ ಸೀಕ್ವೆನ್ಸ್ ಒಂದನ್ನು ತೆಗೆದು ಮತ್ತೆ ಓಡಿಸಿದಾಗ ಉಳಿದವು ಸರಿಹೋಗುವುದು ಇದೇ ಕಾರಣಕ್ಕೆ.

ಪ್ರಶ್ನೆ (ಹೊನ್ನಾವರ)

ನಡುವೆ ಬಾಯಿ ಹಾಕುತ್ತಿದ್ದೇನೆ. ಒಂದೇ ಯಕ್ಷಗಾನ ಪ್ರಸಂಗದ ಎರಡು ಕೈಬರಹದ ಪ್ರತಿ ಟೈಪ್ ಮಾಡಿಸಿದ್ದೇವೆ. ಪಾಠಭೇದ ಹುಡುಕಲು ಇದೇ ವಿಧಾನ ನಡೆಯುತ್ತದೆಯೇ?

ಉತ್ತರ (ಶಿರಸಿ)

ಖಂಡಿತ ನಡೆಯುತ್ತದೆ. ಮೊದಲು ಎರಡೂ ಫೈಲನ್ನು ಯುನಿಕೋಡ್ ಎನ್‌ಎಫ್‌ಸಿ ರೂಪಕ್ಕೆ (ಬಿಡಿಸಿದ ಚಿಹ್ನೆಗಳನ್ನು ಕೂಡಿಸಿದ ರೂಪ) ತನ್ನಿ. ‘ಹೊನ್ನಾವರ’ ನಮ್ಮ ಕಣ್ಣಿಗೆ 4 ಅಕ್ಷರ, ಕಂಪ್ಯೂಟರ್‌ಗೆ 8 ಸಂಕೇತ. ‘ಹೊ’ದ ಸ್ವರಚಿಹ್ನೆಯನ್ನು ಬಿಡಿಸಿ ಉಳಿಸಿದ ಫೈಲಿನಲ್ಲಿ 9. ನೋಡಲು ಒಂದೇ ಪದ, ಹೋಲಿಸಿದರೆ ವ್ಯತ್ಯಾಸ ಎಂದು ತೋರಿಸುತ್ತದೆ. ಸಂಕೇತದ ಬದಲು ಅಕ್ಷರವನ್ನೇ ಒಂದು ಘಟಕವಾಗಿ ಹಿಡಿಯಿರಿ. ಅಲ್ಪಪ್ರಾಣ–ಮಹಾಪ್ರಾಣ, ಲ–ಳ ಅದಲುಬದಲಿಗೆ 0.3ರಂಥ ಕಡಿಮೆ ದಂಡ, ಉಳಿದದ್ದಕ್ಕೆ 1 ಇಡಿ. ಲಿಪಿಕಾರರ ರೂಢಿ ಒಂದು ಕಡೆ, ನಿಜವಾದ ಪಾಠಭೇದ ಒಂದು ಕಡೆ ಬೇರೆಯಾಗುತ್ತದೆ.

ಈ ವಿಧಾನಗಳೆಲ್ಲ ಕ್ರಮ ಬದಲಾಗಿಲ್ಲ ಎಂದೇ ನಂಬಿ ನಡೆಯುತ್ತವೆ. ಒಂದು ಪದ್ಯ ಮುಂದಿನ ಸನ್ನಿವೇಶಕ್ಕೆ ಸರಿದಿದ್ದರೆ ಇಲ್ಲಿ ಬಿಟ್ಟುಹೋಗಿದೆ, ಅಲ್ಲಿ ಸೇರಿದೆ ಎಂದು ಎರಡು ಬೇರೆ ಬದಲಾವಣೆ ತೋರಿಸುತ್ತವೆ. ಮೊದಲು ಪದ್ಯಗಳನ್ನು ಸ್ಮಿತ್–ವಾಟರ್‌ಮನ್‌ನಿಂದ ಜೋಡಿ ಮಾಡಿಕೊಂಡು, ಆಮೇಲೆ ಒಂದೊಂದು ಜೋಡಿಯ ಒಳಗೆ ಪೂರ್ಣ ಹೋಲಿಕೆ ಮಾಡಿ. ಬೆಳಚಿನವರಿಗೂ ಇದು ಮುಂದೆ ಎದುರಾಗುತ್ತದೆ, ಚಿಪ್ಪುಜೀವಿಗಳ ಮೈಟೊಕಾಂಡ್ರಿಯಾದಲ್ಲಿ ಜೀನ್‌ಗಳ ಕ್ರಮ ಬಹಳ ಬದಲಾಗಿರುತ್ತದೆ.

ಉತ್ತರ (ಕಾರವಾರ)

ಬೆಳಚಿನ ಪ್ರಾಜೆಕ್ಟ್‌ನವರಿಗೆ ಇನ್ನೆರಡು ಮಾತು. ಅಂತರ ಲೆಕ್ಕ ಹಾಕುವಾಗ ಸರಳ ಪಿ-ಅಂತರವನ್ನೂ (ಬೇರೆಯಾದ ಬೇಸ್‌ಗಳ ಪಾಲು) ಕಿಮುರಾ ಅವರ 1980ರ ಎರಡು-ಪ್ಯಾರಾಮೀಟರ್ ಅಂತರವನ್ನೂ ಎರಡೂ ಕೊಡಿ. ಎನ್ ಮತ್ತು ಗ್ಯಾಪ್ ಇರುವ ಜಾಗಕ್ಕೆ ಪೇರ್‌ವೈಸ್ ಡಿಲೀಷನ್ (ಆ ಜೋಡಿಯ ಹೋಲಿಕೆಯಲ್ಲಷ್ಟೇ ಆ ಜಾಗ ಬಿಡುವುದು) ಇಡಿ, ಇಲ್ಲದಿದ್ದರೆ ಒಂದು ಮಾದರಿಯ ಎನ್‌ನಿಂದ ಮೂವತ್ತರ ಕಾಲಮ್ಮೂ ಹೋಗುತ್ತದೆ. 2% ದಾಟಿದರೆ ಬೇರೆ ಜಾತಿ ಎಂಬ ಗೆರೆ ಎಲ್ಲ ಗುಂಪಿಗೂ ಹೊಂದುವುದಿಲ್ಲ. ನಿಮ್ಮದೇ ಮಾದರಿಗಳಲ್ಲಿ ಒಳಗಿನ ಅಂತರ ಎಷ್ಟು, ಗುಂಪುಗಳ ನಡುವಿನ ಅಂತರ ಎಷ್ಟು ಎಂದು ನೋಡಿ ಹೇಳಿ. ಮಾಂಸ ತೆಗೆದ ಮೇಲೆ ಚಿಪ್ಪು ಎಸೆಯಬೇಡಿ. ತೊಳೆದು ಒಣಗಿಸಿ, ಟ್ಯೂಬಿನ ಮೇಲಿನ ನಂಬರನ್ನೇ ಪೆನ್ಸಿಲ್‌ನಲ್ಲಿ ಬರೆದ ಚೀಟಿ ಇಟ್ಟು, ಹೆಕ್ಕಿದ ಜಾಗದ ಅಕ್ಷಾಂಶ–ರೇಖಾಂಶ ಸೇರಿಸಿ ಕಟ್ಟಿಡಿ. ಸೀಕ್ವೆನ್ಸ್ ಮತ್ತು ಚಿಪ್ಪು ಬೇರೆಬೇರೆ ಮಾತಾಡಿದರೆ ಮತ್ತೆ ಪರೀಕ್ಷಿಸಲು ಅದೇ ಬೇಕು.