ಅಪ್‌ಡೇಟ್: ಡಿವಿಡಿ ಕಾಪಿ ಆಯಿತು!

ಹಳೇ ಸಾಫ್ಟ್‌ವೇರ್‌ನ ಇನ್‌ಸ್ಟಾಲೇಶನ್ ಡಿವಿಡಿ ಅರ್ಧ ಕಾಪಿಯಾಗಿ ನಿಂತುಬಿಡುತ್ತದೆ, ಸಿಡಿಗಳು ಮಾತ್ರ ಸಲೀಸಾಗಿ ಓಡುತ್ತವೆ, ಏನು ಮಾಡಲಿ ಅಂತ ಕೇಳಿದ್ದೆನಲ್ಲ, ಬಗೆಹರಿಯಿತು. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ಡಿಸ್ಕ್ ಚೆನ್ನಾಗೇ ಇತ್ತು. ಅದು ಎರಡು ಪದರದ್ದು, 8.5 ಜಿಬಿ ಹಿಡಿಯುವಂಥದ್ದು. ಮೊದಲ ಪದರ ಮುಗಿದು ಎರಡನೆಯದಕ್ಕೆ ಫೋಕಸ್ ಬದಲಿಸುವ ಹೊತ್ತಿಗೇ ಡ್ರೈವ್ ಟಕ್ ಟಕ್ ಅಂತ ಒದ್ದಾಡುತ್ತಿತ್ತು. ಸಿಡಿ ಓದುವ ಲೇಸರ್ 780 ನ್ಯಾನೋಮೀಟರಿನದು, ಡಿವಿಡಿಯದು 650, ಅಂದರೆ ಎರಡೂ ಬೇರೆ ಬೇರೆ. ಸಿಡಿ ಓಡಿದ ಮಾತ್ರಕ್ಕೆ ಡ್ರೈವ್ ಸರಿಯಿದೆ ಅನ್ನೋ ಹಾಗಿಲ್ಲ. ಲೆನ್ಸ್ ಒರೆಸಿದ ಮೇಲೆ ಸ್ವಲ್ಪ ಮುಂದೆ ಹೋಯಿತು, ಅಷ್ಟೇ.

ಕೊನೆಗೆ ಮುಂಬೈನ ಲ್ಯಾಮಿಂಗ್ಟನ್ ರೋಡಿಗೆ ಹೋಗಿ ಯುಎಸ್‌ಬಿಗೆ ಸಿಕ್ಕಿಸುವ ಡಿವಿಡಿ ಡ್ರೈವ್ ತಂದೆ. ಇನ್ನೂ ಡಿವಿಡಿ ಹಾಕ್ತೀರಾ ಅಂತ ಅಂಗಡಿಯವನು ನಕ್ಕ, ನಗಲಿ ಬಿಡಿ. ಇದನ್ನು ಯುಎಸ್‌ಬಿ ಹಬ್‌ಗೆ (ಒಂದು ಪೋರ್ಟನ್ನು ಹಲವು ಮಾಡುವ ಪೆಟ್ಟಿಗೆ) ಸಿಕ್ಕಿಸಿದರೆ ಕರೆಂಟ್ ಸಾಲದೆ ನಡುವೆ ಕೈಕೊಡುತ್ತದೆ. ನೇರ ಲ್ಯಾಪ್‌ಟಾಪ್‌ಗೇ ಹಾಕಿ. ಫೈಲ್‌ಗಳನ್ನು ಒಂದೊಂದಾಗಿ ಎಳೆಯುವ ಬದಲು ಇಡೀ ಡಿಸ್ಕನ್ನು ಐಎಸ್‌ಒ, ಅಂದರೆ ಡಿಸ್ಕಿನ ಪಡಿಯಚ್ಚಿನಂಥ ಒಂದೇ ಫೈಲ್, ಮಾಡಿಕೊಂಡೆ.

ಇನ್ನೊಂದು ಮಾತು. ಪೆನ್‌ಡ್ರೈವ್ ಫ್ಯಾಟ್32 (ಫೈಲ್ ಜೋಡಿಸಿಡುವ ಹಳೇ ಫಾರ್ಮ್ಯಾಟ್) ಇದ್ದರೆ ಎಷ್ಟೇ ಜಾಗ ಖಾಲಿಯಿದ್ದರೂ 4 ಜಿಬಿಗಿಂತ ದೊಡ್ಡ ಫೈಲ್ ಕೂರುವುದಿಲ್ಲ. ದೊಡ್ಡ ಫೈಲ್ ಹಿಡಿಯುವ ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ ಐಎಸ್‌ಒ ಹಾಕಿದೆ, ಕೂತಿತು. ಇನ್‌ಸ್ಟಾಲ್ ಕೂಡ ಆಯಿತು.