ಏಪ್ರಿಲ್‌ನ ತಣ್ಣೀರಿನಲ್ಲಿ ಒಬ್ಬರೇ ದೋಣಿಯಲ್ಲಿ ಮೀನು ಹಿಡಿಯುವುದು

ಪ್ರಶ್ನೆ: ನಾನು ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ ನೆಲೆಸಿದ್ದು, ಬ್ರೌನ್ ಟ್ರೌಟ್ ಮೀನುಗಳು ದಡದ ಸಮೀಪಕ್ಕೆ ಬರುವ ಏಪ್ರಿಲ್‌ನಲ್ಲಿ ಒಂಟಾರಿಯೊ ಸರೋವರಕ್ಕೆ 16 ಅಡಿಯ ಮೋಟಾರು ದೋಣಿಯಲ್ಲಿ ಒಬ್ಬನೇ ಹೋಗಬೇಕೆಂದಿದ್ದೇನೆ. ಈಜು ಚೆನ್ನಾಗಿ ಬರುತ್ತದೆ. ಬೇರೆ ಯಾವ ಎಚ್ಚರಿಕೆ ವಹಿಸಬೇಕು?

ಉತ್ತರ 1: ಈಜಿನ ಧೈರ್ಯವನ್ನು ದಯವಿಟ್ಟು ಬದಿಗಿಡಿ. ಅಷ್ಟು ತಣ್ಣನೆಯ ನೀರಿಗೆ ಬಿದ್ದ ಕೂಡಲೇ ನಮ್ಮ ಹಿಡಿತ ಮೀರಿ ಏದುಸಿರು ಬರುತ್ತದೆ, ಆ ಕ್ಷಣದಲ್ಲಿ ತಲೆ ಮುಳುಗಿದ್ದರೆ ನೀರು ನೇರವಾಗಿ ಶ್ವಾಸಕೋಶಕ್ಕೆ ಹೋಗುತ್ತದೆ. ಅದನ್ನು ದಾಟಿದರೂ ಸುಮಾರು 10 ನಿಮಿಷಗಳಲ್ಲಿ ಕೈಕಾಲುಗಳು ಸೋತು, ಲೈಫ್ ಜಾಕೆಟ್‌ನ ಬಕಲ್ ಹಾಕಲೂ ಆಗದ ಸ್ಥಿತಿ ಬರುತ್ತದೆ. ಆದ್ದರಿಂದ ಲೈಫ್ ಜಾಕೆಟ್ ದೋಣಿಯಲ್ಲಿದ್ದರೆ ಸಾಲದು, ಮೈಮೇಲಿರಬೇಕು. ನಿಮ್ಮ ರಾಜ್ಯದಲ್ಲಿ ನವೆಂಬರ್ 1ರಿಂದ ಮೇ 1ರವರೆಗೆ 21 ಅಡಿಗಿಂತ ಚಿಕ್ಕ ದೋಣಿಗಳಲ್ಲಿ ಇದು ಕಾನೂನಿನಂತೆಯೂ ಕಡ್ಡಾಯ.

ಉತ್ತರ 2: ಮೇಲಿನ ಮಾತುಗಳನ್ನು ಒಪ್ಪುತ್ತೇನೆ. ಒಬ್ಬರೇ ಇರುವಾಗ ಹಗ್ಗ ಎಳೆದೊಡನೆ ಎಂಜಿನ್ ನಿಲ್ಲಿಸುವ ಕಟ್-ಆಫ್ ಸ್ವಿಚ್‌ನ ಹಗ್ಗವನ್ನು ಮೈಗೆ ಸಿಕ್ಕಿಸಿಕೊಳ್ಳದಿದ್ದರೆ, ನೀವು ನೀರಿಗೆ ಬಿದ್ದ ಮೇಲೂ ದೋಣಿ ತನ್ನ ಪಾಡಿಗೆ ಮುಂದೆ ಸಾಗುತ್ತದೆ. ನೀರಿನಿಂದಲೇ ಎಳೆದು ಬಿಡಿಸಬಹುದಾದ ಏಣಿಯೂ ಬೇಕು. ದೋಣಿಗಳಲ್ಲಿ ಮಾತನಾಡಲು ಬಳಸುವ ವಿಎಚ್‌ಎಫ್ ರೇಡಿಯೊವನ್ನು ಜಾಕೆಟ್‌ಗೇ ಸಿಕ್ಕಿಸಿಕೊಳ್ಳಿ. ತುರ್ತು ಕರೆಗೆ 16ನೇ ಚಾನೆಲ್ ಇದೆ.

ಪ್ರಶ್ನೆ ಕೇಳಿದವರು: ಧನ್ಯವಾದಗಳು. ಇಂಥ ತಣ್ಣೀರಿಗೆ ತೊಡುವ, ನೀರು ಒಳಗೆ ಬಿಡದ ಡ್ರೈಸೂಟ್ ಉಡುಪು ದುಬಾರಿಯಲ್ಲವೇ?

ಉತ್ತರ 1: ದುಬಾರಿಯೇ, ಆದರೆ ಏಪ್ರಿಲ್‌ನ ಬಿಸಿಲನ್ನು ನಂಬಿ ತೆಳು ಬಟ್ಟೆ ತೊಡಬೇಡಿ, ನೀರಿನ ಉಷ್ಣತೆ ಬಹಳ ನಿಧಾನವಾಗಿ ಏರುತ್ತದೆ. ಹೊರಡುವ ಜಾಗ ಮತ್ತು ಮರಳುವ ಸಮಯವನ್ನು ಮನೆಯವರಿಗೆ ಬರೆದುಕೊಟ್ಟು ಹೋಗಿ.