'ಸ್ಮೈಲಿ' ಸಿನಿಮಾ: ಕೇಳಿದರೆ ಭಯ ಆಗುತ್ತದೆ, ನೋಡಿದರೆ ಯಾಕೆ ಆಗಲ್ಲ?

ಮಧ್ಯರಾತ್ರಿ_ಶೋ

2012ರ 'ಸ್ಮೈಲಿ' ನೋಡಿದವರು ಯಾರಾದರೂ ಇದ್ದೀರಾ? ಮೈಕಲ್ ಗ್ಯಾಲಗರ್ ನಿರ್ದೇಶನದ ಸಣ್ಣ ಬಜೆಟ್ಟಿನ ಸ್ಲ್ಯಾಶರ್, ಅಂದರೆ ಕೊಲೆಗಾರನೊಬ್ಬ ಒಬ್ಬೊಬ್ಬರನ್ನೇ ಚಾಕು ಗೀಕು ಹಿಡಿದು ಮುಗಿಸುವ ಥರದ ಭಯದ ಸಿನಿಮಾ. ನೋಡದವರಿಗೆ ಎಳೆ ಇಷ್ಟು: ಅಪರಿಚಿತರ ಜೊತೆ ವಿಡಿಯೊ ಚಾಟ್ ಮಾಡುವ ಒಂದು ಸೈಟ್. ಅಲ್ಲಿ ಎದುರಿಗೆ ಸಿಕ್ಕವರಿಗೆ 'ಐ ಡಿಡ್ ಇಟ್ ಫಾರ್ ದ ಲಲ್ಜ್', ಅಂದರೆ ಸುಮ್ನೆ ಮಜಾಕ್ಕೆ ಮಾಡಿದೆ ಅಂತ ಮೂರು ಸಲ ಟೈಪ್ ಮಾಡಿದರೆ ಸಾಕು, ಅವರ ಬೆನ್ನ ಹಿಂದೆ ಒಬ್ಬ ಬಂದು ನಿಲ್ಲುತ್ತಾನೆ. ಕಣ್ಣು ಹೊಲಿದು ಮುಚ್ಚಿದೆ, ಬಾಯಿ ನಗುವಿನ ಆಕಾರಕ್ಕೆ ಸೀಳಿದೆ. ಆಮೇಲೆ ಚಾಕು.

ಇಷ್ಟನ್ನು ಯಾರಾದರೂ ಬಾಯಲ್ಲಿ ಹೇಳಿದರೆ ನನಗೆ ಮೈ ಜುಮ್ಮೆನ್ನುತ್ತದೆ. ಸಿನಿಮಾ ನೋಡುವಾಗ ಮಾತ್ರ ಅರ್ಧಕ್ಕೇ ಆಕಳಿಕೆ ಶುರು. ಇಂಟರ್ನೆಟ್ಟಿನಲ್ಲೇ ಹುಟ್ಟಿದ ಒಂದು ದೆವ್ವದ ಮೇಲೆ ಮಾಡಿದ 2018ರ 'ಸ್ಲೆಂಡರ್ ಮ್ಯಾನ್' ಕೂಡ ಹೀಗೇ ಆಯಿತು. ದುಡ್ಡು ಸಾಲದೆ ಹೀಗಾಗುತ್ತದಾ, ಅಥವಾ ಇಂಟರ್ನೆಟ್ಟಿನಲ್ಲಿ ಹುಟ್ಟಿದ ದಂತಕತೆ ಸ್ಲ್ಯಾಶರಿಗೆ ಒಗ್ಗುವುದೇ ಇಲ್ಲವಾ? ಕ್ಲೈಮ್ಯಾಕ್ಸ್ ಬಗ್ಗೆಯೂ ಮಾತಾಡಬಹುದು, ನೋಡದವರು ಹುಷಾರಾಗಿ ಓದಿ.

ಚಾಕು_ಮಸೆಯುವವ

ದುಡ್ಡಿನ ಮಾತು ಬಿಡಿ ಗುರು. ಸ್ಲ್ಯಾಶರ್ ಅನ್ನೋದು ಹುಟ್ಟಿ ಬೆಳೆದದ್ದೇ ಬಡತನದಲ್ಲಿ. 1978ರ 'ಹ್ಯಾಲೊವೀನ್'ಗೆ ಖರ್ಚಾದದ್ದು ಸುಮಾರು 3 ಲಕ್ಷ ಡಾಲರ್. ಆ ಹೆಸರಾಂತ ಬಿಳಿ ಮುಖವಾಡ ಏನು ಗೊತ್ತಾ? ಅಂಗಡಿಯಲ್ಲಿ ಎರಡು ಡಾಲರಿಗೂ ಕಮ್ಮಿಗೆ ಸಿಕ್ಕ, 'ಸ್ಟಾರ್ ಟ್ರೆಕ್' ಸರಣಿಯ ಕ್ಯಾಪ್ಟನ್ ಕರ್ಕ್ ಮುಖವಾಡ, ಅಂದರೆ ನಟ ವಿಲಿಯಂ ಶಾಟ್ನರ್ ಮುಖ. ಕಣ್ಣಿನ ತೂತು ದೊಡ್ಡದು ಮಾಡಿದರು, ಬಿಳಿ ಬಣ್ಣ ಹೊಡೆದರು, ಮುಗೀತು. ಕತೆ ನಡೆಯುವುದು ಇಲಿನಾಯ್ ರಾಜ್ಯದಲ್ಲಿ ಎಲೆ ಉದುರುವ ಕಾಲದಲ್ಲಿ, ಶೂಟಿಂಗ್ ನಡೆದದ್ದು ಕ್ಯಾಲಿಫೋರ್ನಿಯಾದಲ್ಲಿ, ಅದೂ ವಸಂತದಲ್ಲಿ. ಹಾಗಾಗಿ ಬಣ್ಣ ಬಳಿದ ಎಲೆಗಳನ್ನು ರಸ್ತೆಗೆ ಚೆಲ್ಲಿ, ಶಾಟ್ ಮುಗಿದ ಮೇಲೆ ಮತ್ತೆ ಗುಡಿಸಿ ಚೀಲಕ್ಕೆ ತುಂಬಿಕೊಳ್ಳುತ್ತಿದ್ದರು, ಮುಂದಿನ ಶಾಟಿಗೆ ಬೇಕಲ್ಲ. ಸಂಗೀತವೂ ನಿರ್ದೇಶಕ ಜಾನ್ ಕಾರ್ಪೆಂಟರ್ ಅವರದೇ.

ಅಲ್ಲಿ ಭಯ ಹುಟ್ಟುವುದು ಎಲ್ಲಿ ಅಂದರೆ, ಹಾಡುಹಗಲಲ್ಲಿ ಬೇಲಿ ಗಿಡದ ಪಕ್ಕ ಆ ಮುಖವಾಡದ ಕೊಲೆಗಾರ ಸುಮ್ನೆ ನಿಂತಿರುತ್ತಾನೆ. ಏನೂ ಮಾಡುವುದಿಲ್ಲ. ಅದಕ್ಕೆ ಕಾಸು ಖರ್ಚಿಲ್ಲ, ತಾಳ್ಮೆ ಬೇಕು ಅಷ್ಟೇ.

'ಸ್ಮೈಲಿ'ಯ ಮುಖವಾಡ ನನ್ನ ಪ್ರಕಾರ ಚೆನ್ನಾಗೇ ಇದೆ. ಆದರೆ ಮಗು ನೋಡಿಕೊಳ್ಳಲು ಬಂದ ಹುಡುಗಿಯ ಮೊದಲ ಸೀನಿನಲ್ಲೇ ಎಲ್ಲಾ ಬಂಡವಾಳ ಖಾಲಿ ಮಾಡಿಬಿಡುತ್ತಾರೆ. ಆಮೇಲೆ ಉಳಿಯುವುದು ಢಣ್ ಅಂತ ಒಂದು ಸದ್ದು, ಹಿಂದಿನಿಂದ ಯಾರೋ ಹೆಗಲು ಮುಟ್ಟಿದರು, ನೋಡಿದರೆ ಗೆಳತಿ. ಮತ್ತೆ ಢಣ್.

ಕೀಬೋರ್ಡ್_ಭೂತ

ಮೇಲಿನವರ ಮಾತು ಒಪ್ಪುತ್ತೇನೆ, ಆದರೆ ನನಗೆ ಕಾಣುವ ತೊಂದರೆ ಬೇರೆ. ಈ ದಂತಕತೆಯ ನಿಯಮವನ್ನು ಇನ್ನೊಮ್ಮೆ ಓದಿ.

ಕನ್ನಡಿ ಮುಂದೆ ನಿಂತು ಬ್ಲಡಿ ಮೇರಿ ಹೆಸರು ಕೂಗಿದರೆ ಬರುವುದು ಕೂಗಿದವರ ಹತ್ತಿರ. 1992ರ 'ಕ್ಯಾಂಡಿಮ್ಯಾನ್'ನಲ್ಲೂ ಐದು ಸಲ ಹೆಸರು ಹೇಳಿದರೆ ಹೇಳಿದವರ ಬೆನ್ನಿಗೇ ಕೊಕ್ಕೆ. ಕರೆದದ್ದು ನೀನು, ಅನುಭವಿಸುವುದೂ ನೀನು. ಇದರಲ್ಲಿ ಹಾಗಿಲ್ಲ. ಟೈಪ್ ಮಾಡುವವನು ತನ್ನ ರೂಮಿನಲ್ಲಿ ಆರಾಮಾಗಿ ಕೂತಿರುತ್ತಾನೆ, ಸಾಯುವುದು ಏನೂ ಅರಿಯದ ಇನ್ನೊಬ್ಬ. ಅವನು 'ಏನಿದು, ಒಂದೇ ಮಾತು ಯಾಕೆ ಮತ್ತೆ ಮತ್ತೆ ಕಳಿಸುತ್ತಿದ್ದೀಯ' ಅಂತ ನಗುತ್ತಿರುವಾಗ ಈ ಕಡೆ ಒಂದು ಬೆರಳು ಮೂರನೇ ಸಲ ಎಂಟರ್ ಮೇಲೆ ನಿಂತಿದೆ. ಒತ್ತಬೇಕಾ, ಬೇಡವಾ? ನನ್ನನ್ನು ಕೇಳಿದರೆ ಇಡೀ ಸಿನಿಮಾ ಆ ಬೆರಳಿನಲ್ಲಿದೆ. ಕೊಲೆಗಾರ ಮುಖವಾಡದವನಲ್ಲ, ಒತ್ತುವವನು.

'ಸ್ಮೈಲಿ'ಯ ನಾಯಕಿ ಕೂಡ ಒಮ್ಮೆ ಆ ಮಾತು ಟೈಪ್ ಮಾಡಿ ನೋಡುತ್ತಾಳಲ್ಲ. ಅಲ್ಲಿಂದ ಕತೆ ಅವಳ ಕೈಗೆ ಅಂಟಿದ ರಕ್ತದ ಬಗ್ಗೆ ಆಗಬೇಕಿತ್ತು. ಆದರೆ ನಿರ್ದೇಶಕರಿಗೆ ಅವಳನ್ನು ಓಡಿಸಿ ಕಿರುಚಿಸುವ ಆತುರ. ಅಲ್ಲಿಗೆ ಇದು ಮಾಮೂಲಿ 'ಅವನು ಈಗ ನನ್ನ ಹಿಂದೆ ಬಿದ್ದಿದ್ದಾನೆ' ಸಿನಿಮಾ ಆಯಿತು. ಆ ಥರದ್ದು ನೂರಿವೆ.

ಸುಮ್ನೆ_ಓದುವವಳು

'ಸ್ಲೆಂಡರ್ ಮ್ಯಾನ್' ಬಗ್ಗೆ ನಾನು ಹೇಳುತ್ತೇನೆ, ಯಾಕಂದರೆ ಅದು ಹುಟ್ಟಿದ ಬಗೆ ನೋಡಿದರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಸಿಗುತ್ತದೆ.

ಜೂನ್ 10, 2009. ಸಮ್‌ಥಿಂಗ್ ಆಫುಲ್ ಅನ್ನೋ ಸೈಟಿನಲ್ಲಿ ಮಾಮೂಲಿ ಫೋಟೊಗಳನ್ನು ತಿದ್ದಿ ದೆವ್ವದ ಫೋಟೊ ಥರ ಮಾಡುವ ಒಂದು ಪಂದ್ಯ ನಡೆಯುತ್ತಿತ್ತು. ಎರಿಕ್ ನುಡ್ಸನ್ ಅನ್ನುವವರು ವಿಕ್ಟರ್ ಸರ್ಜ್ ಹೆಸರಲ್ಲಿ ಎರಡು ಕಪ್ಪು ಬಿಳುಪು ಫೋಟೊ ಹಾಕಿದರು. ಮುಂದೆ ಮಕ್ಕಳು. ಹಿಂದೆ, ನೆರಳಿನಲ್ಲಿ, ಮನುಷ್ಯನಿಗಿಂತ ಉದ್ದದ ಒಂದು ಆಕೃತಿ, ಮುಖ ಇಲ್ಲ. ಕೆಳಗೆ ಹಳೆಯ ದಾಖಲೆಯ ಥರ ಎರಡು ಸಾಲು. ಅಷ್ಟೇ.

ಇದು ಕಟ್ಟುಕತೆ ಅಂತ ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ಪಂದ್ಯವೇ ಅದು! ಆದರೂ ಹೆದರಿದರು, ಮರುದಿನದಿಂದ ತಾವೂ ಸೇರಿಸುತ್ತಾ ಹೋದರು. ಯಾಕೆ ಅಂದರೆ ಅವನನ್ನು ಫೋಟೊದಲ್ಲಿ ನೀವೇ ಹುಡುಕಬೇಕಿತ್ತು. ಕಣ್ಣು ಮೊದಲು ಮಕ್ಕಳ ಮೇಲೆ ಹೋಗುತ್ತದೆ, ಆಮೇಲೆ ಮರಗಳ ಮೇಲೆ, ಆಮೇಲೆ ಅದರಲ್ಲೊಂದು ಮರ ಅಲ್ಲ ಅಂತ ಗೊತ್ತಾಗುತ್ತದೆ.

ಅದೇ ತಿಂಗಳು ಯೂಟ್ಯೂಬಿನಲ್ಲಿ ಶುರುವಾದ 'ಮಾರ್ಬಲ್ ಹಾರ್ನೆಟ್ಸ್' ಸರಣಿ ಇದನ್ನು ಸರಿಯಾಗಿ ಹಿಡಿಯಿತು. ಕೈಯಲ್ಲಿ ಹಿಡಿದ ಕ್ಯಾಮೆರಾ, ಹಾಳಾದ ಟೇಪು, ನಡುನಡುವೆ ಕರಕರ ಸದ್ದು, ಅವನು ಕಿಟಕಿಯಾಚೆ ಎಲ್ಲೋ ಒಂದು ಕ್ಷಣ. ದೊಡ್ಡ ಸ್ಟುಡಿಯೊ ಅವನನ್ನು 2018ರಲ್ಲಿ ಪರದೆ ತುಂಬ ನಿಲ್ಲಿಸಿ ಕೈಕಾಲು ಕುಣಿಸಿತು. ಭಯ ಹೋಯಿತು. ಹಾಗಂತ ಅದು ಮುಳುಗಲಿಲ್ಲ, ಸುಮಾರು 5 ಕೋಟಿ ಡಾಲರ್ ಬಾಚಿತು, ಅದು ಬೇರೆ ಮಾತು.

ಇನ್ನೊಂದು ವಿಷಯ ಇದೆ, ತಮಾಷೆಯದಲ್ಲ. 2014ರಲ್ಲಿ ವಿಸ್ಕಾನ್ಸಿನ್ ರಾಜ್ಯದ ವಾಕಿಶಾದಲ್ಲಿ 12 ವರ್ಷದ ಇಬ್ಬರು ಹುಡುಗಿಯರು ಈ ಆಕೃತಿಯನ್ನು ಮೆಚ್ಚಿಸಲು ಅಂತ ತಮ್ಮ ಗೆಳತಿಗೇ ಚಾಕು ಹಾಕಿದರು. ಆ ಹುಡುಗಿ ಬದುಕಿಕೊಂಡಳು. ಸಿನಿಮಾ ಬಂದಾಗ ಆ ಭಾಗದ ಕೆಲವು ಥಿಯೇಟರುಗಳು ಹಾಕಲೇ ಇಲ್ಲ. ಟ್ರೇಲರಿನಲ್ಲಿದ್ದ ಕೆಲವು ದೃಶ್ಯ ಸಿನಿಮಾದಲ್ಲೂ ಇರಲಿಲ್ಲ. ಇಂಟರ್ನೆಟ್ ದಂತಕತೆಯನ್ನು ಸಿನಿಮಾ ಮಾಡುವವರು ಇದನ್ನು ಮರೆತು ಮಾಡಲು ಆಗುವುದಿಲ್ಲ.

ಮಧ್ಯರಾತ್ರಿ_ಶೋ

ಬೆರಳಿನ ವಿಷಯ ಸಖತ್ತಾಗಿದೆ. ಆದರೆ ಒಂದು ಅನುಮಾನ. ಟೈಪ್ ಮಾಡುವುದನ್ನು ಪರದೆ ಮೇಲೆ ತೋರಿಸುವುದು ಹೇಗೆ? ಕೀಲಿ ಒತ್ತುವ ಸದ್ದು, ಬೆಳಕು ಬಿದ್ದ ಮುಖ, ಮತ್ತೆ ಕೀಲಿ. ಐದು ನಿಮಿಷಕ್ಕೆ ಜನ ಎದ್ದು ಹೋಗುತ್ತಾರೆ ಅಲ್ವಾ?

ಕೀಬೋರ್ಡ್_ಭೂತ

ಹೋಗಲಿಲ್ಲ ಅಂತ 2014ರಲ್ಲೇ ಗೊತ್ತಾಗಿದೆ. 'ಅನ್‌ಫ್ರೆಂಡೆಡ್' ಹೆಚ್ಚುಕಮ್ಮಿ ಶುರುವಿಂದ ಕೊನೆವರೆಗೆ ಒಬ್ಬ ಹುಡುಗಿಯ ಲ್ಯಾಪ್‌ಟಾಪ್ ಪರದೆ ಮಾತ್ರ. ಖರ್ಚು ಸುಮಾರು 10 ಲಕ್ಷ ಡಾಲರ್, ಗಳಿಕೆ 6 ಕೋಟಿಗೂ ಜಾಸ್ತಿ. ಅವಮಾನದ ವಿಡಿಯೊ ಒಂದು ಹರಡಿ ಒಬ್ಬಳು ಸತ್ತಿದ್ದಾಳೆ. ವರ್ಷ ಕಳೆದ ಮೇಲೆ ಗೆಳೆಯರ ಗುಂಪು ಸ್ಕೈಪಿನಲ್ಲಿ ಹರಟುವಾಗ ಯಾರೂ ಕರೆಯದ ಒಂದು ಖಾತೆ ಒಳಗೆ ಬಂದು ಕೂತಿದೆ. ಕಳಿಸಿದರೂ ಹೋಗುವುದಿಲ್ಲ.

ಅದರಲ್ಲಿ ನಾಯಕಿ ಒಂದು ಸಾಲು ಟೈಪ್ ಮಾಡುತ್ತಾಳೆ. ನಿಲ್ಲಿಸುತ್ತಾಳೆ. ಕರ್ಸರ್ ಮಿಣುಕುತ್ತದೆ. ಪೂರಾ ಅಳಿಸುತ್ತಾಳೆ. ಅದರ ಜಾಗದಲ್ಲಿ ಬೇರೆಯೇ ಒಂದು ಚಿಕ್ಕ ಮಾತು ಬರೆದು ಕಳಿಸುತ್ತಾಳೆ. ಆ ಕಡೆಯವರಿಗೆ ಕಾಣುವುದು ಕೊನೆಯ ಮಾತು ಮಾತ್ರ, ಅಳಿಸಿದ್ದನ್ನು ಓದಿರುವುದು ನಾವು. ಅವಳು ಸುಳ್ಳು ಹೇಳುತ್ತಿದ್ದಾಳೆ ಅಂತ ಒಂದು ಡೈಲಾಗ್ ಇಲ್ಲದೆ ಗೊತ್ತಾಗುತ್ತದೆ. ಇದನ್ನು ಬೇರೆ ಥರದ ಸಿನಿಮಾದಲ್ಲಿ ಮಾಡಲು ಎಷ್ಟು ಒಳ್ಳೆ ನಟಿ ಬೇಕು ಯೋಚಿಸಿ.

ಮತ್ತೆ ಅಲ್ಲಿ ಸಾಯುವವರೆಲ್ಲ ಏನೋ ಒಂದು ಮಾಡಿದವರು. ಟೈಪ್ ಮಾಡಿದವರು, ಹಂಚಿದವರು, ನಕ್ಕವರು. 'ಸ್ಮೈಲಿ' ಕೈಬಿಟ್ಟ ಎಳೆ ಇದೇ.

ಪಾಪ್‌ಕಾರ್ನ್_ಪಾರ್ಟಿ

ಎಲ್ಲರೂ ಸೇರಿ ಪಾಪದ ಸಿನಿಮಾವನ್ನು ಯಾಕೆ ಇಷ್ಟು ಬೈಯುತ್ತಿದ್ದೀರಿ. ನನಗೆ ಇಷ್ಟ ಆಯಿತು. ನಾಲ್ಕು ಜನ ಗೆಳೆಯರು ಸೇರಿ ಕಿಂಡಲ್ ಮಾಡುತ್ತಾ ನೋಡೋಕೆ ಹೇಳಿ ಮಾಡಿಸಿದ ಸಿನಿಮಾ. ಕೀತ್ ಡೇವಿಡ್ ಪೊಲೀಸ್ ಆಗಿ ಬಂದು ಆ ದಪ್ಪ ದನಿಯಲ್ಲಿ ಮಾತಾಡಿದರೆ ಟಿಕೆಟ್ ದುಡ್ಡು ವಸೂಲ್. ಸ್ಲ್ಯಾಶರ್ ಅಂದಮೇಲೆ ಎಲ್ಲದರಲ್ಲೂ ಅರ್ಥ ಇರಲೇಬೇಕಾ?

ಕ್ಲೈಮ್ಯಾಕ್ಸ್ ಕೂಡ ನನಗೆ ಓಕೆ. ಇದೆಲ್ಲಾ ಒಂದು ಗುಂಪಿನ ಕುಚೇಷ್ಟೆ ಅಂತ ಗೊತ್ತಾದಾಗ ನಿಜವಾಗ್ಲೂ ಬೆಚ್ಚಿದೆ.

ಚಾಕು_ಮಸೆಯುವವ

ಅಲ್ಲಿಗೇ ನಿಲ್ಲಿಸಿದ್ದರೆ ನಾನೂ ಚಪ್ಪಾಳೆ ಹೊಡೆಯುತ್ತಿದ್ದೆ! ಒಬ್ಬಳು ಹುಡುಗಿಯನ್ನು ಇಷ್ಟು ಜನ ಸೇರಿ ಮಜಾಕ್ಕೆ ಅಂತ ಆ ಗತಿಗೆ ತಂದರು ಅನ್ನೋದು ಯಾವ ಮುಖವಾಡಕ್ಕಿಂತಲೂ ಭಯಂಕರ. ಆಮೇಲೆ ಕೊನೆಯ ಗಳಿಗೆಯಲ್ಲಿ 'ಇಲ್ಲ ಇಲ್ಲ, ಅವನು ನಿಜವಾಗಿಯೂ ಇದ್ದಾನೆ' ಅನ್ನೋ ಥರ ಇನ್ನೊಂದು ತಿರುವು. ಎರಡೂ ಬೇಕು ಅಂದರೆ ಹೇಗೆ? ಎರಡನೇ ಭಾಗಕ್ಕೆ ಬಾಗಿಲು ತೆರೆದಿಡುವ ಚಟ ಇದು, 'ಹ್ಯಾಲೊವೀನ್' ಕಾಲದಿಂದಲೂ ಇದೆ. ಅಲ್ಲಿ ಕೊನೆಗೆ ಕೊಲೆಗಾರ ಬಿದ್ದ ಜಾಗದ ಆ ಖಾಲಿ ಹುಲ್ಲುಹಾಸು ಕೆಲಸ ಮಾಡಿತು. ಇಲ್ಲಿ ಮಾಡಲಿಲ್ಲ.

ಸುಮ್ನೆ_ಓದುವವಳು

ಅದು ಕೆಲಸ ಮಾಡಿದ್ದು ಅವನು ಇಲ್ಲ ಅಂತ ತೋರಿಸಿದ್ದರಿಂದ. ಕೆಳಗೆ ಬಿದ್ದವನು ಅಲ್ಲಿಲ್ಲ, ಬರೀ ಉಸಿರಾಟದ ಸದ್ದು. 'ಸ್ಮೈಲಿ'ಯಲ್ಲಿ ಅವನನ್ನೇ ತಂದು ನಿಲ್ಲಿಸುತ್ತಾರೆ.

ಮಧ್ಯರಾತ್ರಿ_ಶೋ

ಎಲ್ಲರಿಗೂ ಥ್ಯಾಂಕ್ಸ್. 'ಅನ್‌ಫ್ರೆಂಡೆಡ್' ನೋಡಿಲ್ಲ, ಈ ವಾರ ನೋಡುತ್ತೇನೆ. ಟಿವಿಗೆ ಹಾಕಿದರೆ ಆ ಚಿಕ್ಕ ಅಕ್ಷರ ಎಲ್ಲಾ ಓದೋಕಾಗುತ್ತದಾ?

ಕೀಬೋರ್ಡ್_ಭೂತ

ಟಿವಿ ಬೇಡ. ಲ್ಯಾಪ್‌ಟಾಪಿನಲ್ಲಿ ನೋಡಿ, ಪೂರ್ತಿ ಪರದೆಗೆ ಹಾಕಿ, ಹೆಡ್‌ಫೋನ್ ಇರಲಿ. ನಿಮ್ಮ ಮೆಸೇಜ್ ಸದ್ದುಗಳನ್ನು ಮಾತ್ರ ಆಫ್ ಮಾಡಿಡಿ, ಇಲ್ಲಾಂದರೆ ಯಾವುದು ಸಿನಿಮಾದ್ದು ಯಾವುದು ನಿಮ್ಮದು ಅಂತ ಗೊತ್ತಾಗದೆ ಒದ್ದಾಡುತ್ತೀರಿ.

ಪಾಪ್‌ಕಾರ್ನ್_ಪಾರ್ಟಿ

ಆಫ್ ಮಾಡಬೇಡಿ. ಯಾವಾಗ ನೋಡುತ್ತೀರಿ ಅಂತ ಇಲ್ಲಿ ಹೇಳಿ, ನಾನು ಮೆಸೇಜ್ ಮಾಡುತ್ತೇನೆ.